ಯಹೂದಿ ಮನೆಯ ಹಬ್ಬಕ್ಕೆ ಯಾವ ತಿನಿಸು, ಯಾವ ಕೈಕೆಲಸ? ಆಯ್ಕೆಗೊಂದು ಹೋಲಿಕೆ

ನನ್ನ ತಮ್ಮ ನ್ಯೂಜರ್ಸಿಯ ಯಹೂದಿ ಕುಟುಂಬದ ಹುಡುಗಿಯನ್ನು ಮದುವೆಯಾದ ಮೇಲೆ ನಮ್ಮ ಮನೆಯ ಹಬ್ಬಗಳ ಪಟ್ಟಿ ಉದ್ದವಾಯಿತು. ಮೊದಲ ವರ್ಷದ ಹನುಕ್ಕಾ ಹಬ್ಬಕ್ಕೆ ಬೀಗರ ಮನೆಗೆ ಹೊರಟಾಗ ನಾನು ಮಕ್ಕಳಿಗೆಂದು ತಿನ್ನುವ ಬುಗುರಿಗಳನ್ನು ಮಾಡಿಕೊಂಡು ಹೋಗಿದ್ದೆ. ಮಾರ್ಷ್‌ಮ್ಯಾಲೋ ತುಂಡಿಗೆ ಉಪ್ಪುಬಿಸ್ಕತ್ತಿನ ಕಡ್ಡಿಯನ್ನು ಚುಚ್ಚಿ, ಕೆಳಗೆ ಚಾಕೊಲೇಟಿನ ಮೊನೆಯನ್ನು ಅಂಟಿಸಿದರೆ ಅದು ಹನುಕ್ಕಾದ ಡ್ರೇಡಲ್ ಬುಗುರಿಯಂತೆಯೇ ಕಾಣುತ್ತದೆ. ಬೀಗಿತ್ತಿ ನನ್ನ ಕೈಹಿಡಿದು ಮಾತನಾಡಿಸಿ, ತಟ್ಟೆಯನ್ನು ಮೆಲ್ಲನೆ ಬದಿಗಿಟ್ಟರು. ಮಾರ್ಷ್‌ಮ್ಯಾಲೋದಲ್ಲಿದ್ದ, ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಜೆಲಾಟಿನ್ ಆ ಮನೆಯ ಆಹಾರನಿಯಮಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ತಟ್ಟೆಯತ್ತ ಕೈಚಾಚಿದ್ದ ಮಕ್ಕಳ ಮುಖ ಬಾಡಿದ್ದನ್ನು ನಾನು ಮರೆತಿಲ್ಲ.

ಬೀಗತನದಿಂದಲೋ, ನೆರೆಹೊರೆಯ ಸ್ನೇಹದಿಂದಲೋ, ಮಕ್ಕಳ ಶಾಲೆಯ ಗೆಳೆತನದಿಂದಲೋ ಯಹೂದಿ ಮನೆಗಳ ಹಬ್ಬಕ್ಕೆ ಹೋಗಿಬರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಲಾಟ್ಕೆ ಮಾಡಲೋ ಸುಫ್ಗಾನಿಯಾ ಮಾಡಲೋ, ಬುಗುರಿ ಒಳ್ಳೆಯದೋ ದೀಪದ ಸಾಲು ಒಳ್ಳೆಯದೋ ಎಂದು ನನ್ನನ್ನು ಕೇಳುವವರೂ ಇದ್ದಾರೆ. ಅವರಿಗಾಗಿ, ನಾನು ಮಾಡಿ ನೋಡಿದವುಗಳನ್ನು ಇಲ್ಲಿ ತೂಗಿ ನೋಡಿದ್ದೇನೆ.

ಆಯ್ಕೆಗೆ ಮುನ್ನ ನೋಡಬೇಕಾದವು

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ತಿನ್ನುವವರ ಮನೆಯಲ್ಲಿ ಕೋಶರ್, ಅಂದರೆ ಯಹೂದಿ ಆಹಾರನಿಯಮಗಳ ಪಾಲನೆ ಎಷ್ಟು ಕಟ್ಟುನಿಟ್ಟಾಗಿದೆ ಎಂಬುದು. ಮಾಂಸವಿಲ್ಲದ ಅಡುಗೆ ತಾನಾಗಿಯೇ ಕೋಶರ್ ಆಗುತ್ತದೆ ಎಂದು ನಮ್ಮಲ್ಲಿ ಸಸ್ಯಾಹಾರಿಗಳಾದ ಅನೇಕರು ಭಾವಿಸುತ್ತಾರೆ, ಅದು ನಿಜವಲ್ಲ. ಚೀಸಿಗೆ ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್, ದ್ರಾಕ್ಷಾರಸ, ಸೊಪ್ಪಿನಲ್ಲಿ ಅಡಗಿರಬಹುದಾದ ಹುಳು, ಇವೆಲ್ಲಕ್ಕೂ ಅಲ್ಲಿ ನಿಯಮಗಳಿವೆ. ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಒಟ್ಟಿಗೆ ಉಣ್ಣುವುದಿಲ್ಲ. ಎರಡಕ್ಕೂ ಪಾತ್ರೆಗಳೇ ಬೇರೆ. ಇವೆರಡರ ಗುಂಪಿಗೂ ಸೇರದ ಧಾನ್ಯ, ತರಕಾರಿ, ಹಣ್ಣು, ಮೊಟ್ಟೆಗಳನ್ನು ಪಾರ್ವೆ ಎನ್ನುತ್ತಾರೆ. ಮಡಿಯ ಅಡುಗೆಮನೆಯನ್ನು ಕಂಡು ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ: ಪದಾರ್ಥವಷ್ಟೇ ಅಲ್ಲ, ಪಾತ್ರೆಯೂ ಒಲೆಯೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ‘ನಿಮ್ಮ ಮನೆಗೆ ಹೊರಗಿನ ಅಡುಗೆ ಆಗುತ್ತದೆಯೇ’ ಎಂದು ನೇರವಾಗಿ ಕೇಳುವುದೇ ಲೇಸು. ಇಂಥ ಪ್ರಶ್ನೆಯಿಂದ ಬೇಸರಪಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ, ಮನಸ್ಸು ತುಂಬಿ ಉತ್ತರಿಸಿದವರನ್ನೇ ಕಂಡಿದ್ದೇನೆ. ಆಗುವುದಿಲ್ಲವೆಂದರೆ ಕೋಶರ್ ಮುದ್ರೆಯಿರುವ, ಒಡೆಯದ ಪೊಟ್ಟಣವನ್ನೋ ಕತ್ತರಿಸದ ಇಡೀ ಹಣ್ಣುಗಳನ್ನೋ ಕೈಕೆಲಸದ ವಸ್ತುವನ್ನೋ ಒಯ್ಯಬಹುದು.

ಎರಡನೆಯದು ದಿನ. ಶುಕ್ರವಾರ ಸೂರ್ಯ ಮುಳುಗುವುದರಿಂದ ಶನಿವಾರ ಕತ್ತಲಾಗುವವರೆಗಿನ ಶಬ್ಬಾತ್ ಎಂಬ ವಾರದ ವಿರಾಮದಿನದಲ್ಲಿ ಸಂಪ್ರದಾಯಸ್ಥರು 39 ಬಗೆಯ ಕೆಲಸಗಳನ್ನು ಮಾಡುವುದಿಲ್ಲ. ಬೆಂಕಿ ಹೊತ್ತಿಸುವುದು, ಅಡುಗೆ ಮಾಡುವುದು, ಬರೆಯುವುದು, ಹೊಲಿಯುವುದು ಅವುಗಳಲ್ಲಿ ಸೇರಿವೆ; ಅಂಟಿಸುವುದೂ ಅಳತೆಗೆ ಕತ್ತರಿಸುವುದೂ ಸಲ್ಲವು. ಹಾಗಾಗಿ ಆ ದಿನ ಮಕ್ಕಳನ್ನು ಕೂರಿಸಿ ಕಾಗದದ ಕೆಲಸ ಮಾಡಿಸುವ ಯೋಜನೆ, ಎಷ್ಟೇ ಸೊಗಸಾಗಿದ್ದರೂ, ಅಂಥ ಮನೆಯಲ್ಲಿ ನಡೆಯದು.

ಮಕ್ಕಳ ವಯಸ್ಸು, ಬೇಕಾಗುವ ಹೊತ್ತು, ತಗಲುವ ಖರ್ಚು ಇವು ಎಲ್ಲರಿಗೂ ಹೊಳೆಯುವ ಸಂಗತಿಗಳು. ಇವುಗಳ ಜೊತೆಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ, ಅದಕ್ಕೇ ಹೆಚ್ಚು ತೂಕವನ್ನೂ ಕೊಡುತ್ತೇನೆ: ಮಾಡಿದ ವಸ್ತು ಹಬ್ಬದ ಆಚರಣೆಯಲ್ಲೇ ಬಳಕೆಯಾಗುತ್ತದೆಯೇ? ಆರು ಮೂಲೆಯ ನಕ್ಷತ್ರವನ್ನು ಅಂಟಿಸಿದ ಕಪ್‌ಕೇಕ್ ಯಾವ ಹಬ್ಬಕ್ಕಾದರೂ ಸಲ್ಲುತ್ತದೆ, ಹಾಗಾಗಿ ಯಾವ ಹಬ್ಬದ್ದೂ ಆಗುವುದಿಲ್ಲ. ಮಗು ತಾನೇ ಮಾಡಿದ ದೀಪವನ್ನು ಅಜ್ಜಿ ಹಚ್ಚಿದಾಗ ಆಗುವ ಸಂತೋಷ ಬೇರೆ.

ಹನುಕ್ಕಾ: ಎಣ್ಣೆಯ ತಿನಿಸುಗಳಲ್ಲಿ ಯಾವುದು?

ಮಕ್ಕಾಬಿಯರೆಂಬ ಯಹೂದಿ ಬಂಡಾಯಗಾರರು ಜೆರುಸಲೇಮಿನ ದೇವಾಲಯವನ್ನು ಮರಳಿ ಪಡೆದು, ಕ್ರಿಸ್ತಪೂರ್ವ 164ರಲ್ಲಿ ಶುದ್ಧಿಮಾಡಿದಾಗ ಒಂದು ದಿನಕ್ಕೆ ಸಾಲುವಷ್ಟು ಎಣ್ಣೆ ಎಂಟು ದಿನ ಉರಿಯಿತೆಂಬ ನಂಬಿಕೆಯೇ ಈ ಹಬ್ಬದ ತಿರುಳು. ಆದ್ದರಿಂದ ತಿನಿಸು ಎಣ್ಣೆಯಲ್ಲಿ ಕರಿದದ್ದಾಗಿರಬೇಕು. ಆರೋಗ್ಯದ ಕಾರಣಕ್ಕೆ ಇದನ್ನು ಓವನ್‌ನಲ್ಲಿ ಬೇಯಿಸುವವರಿದ್ದಾರೆ. ತಿನಿಸು ಚೆನ್ನಾಗಿಯೇ ಇರುತ್ತದೆ, ಆದರೆ ಅದರೊಳಗಿನ ಕಥೆ ಹೊರಟುಹೋಗುತ್ತದೆ. ಎಂಟು ದಿನಗಳಲ್ಲಿ ಒಂದು ದಿನ ಮಾತ್ರ ಕರಿದು, ಅಂದು ಎಲ್ಲರೂ ಒಂದೊಂದು ತಿನ್ನುವುದು ನನ್ನ ಮಟ್ಟಿಗೆ ಮೇಲು.

ಲಾಟ್ಕೆ ಎಂಬುದು ತುರಿದ ಆಲೂಗಡ್ಡೆಯನ್ನು ತಟ್ಟಿ ಕರಿದ ತೆಳು ಬಿಲ್ಲೆ. ಒಂದು ಕಿಲೋ ಆಲೂಗಡ್ಡೆ, ಒಂದು ದೊಡ್ಡ ಈರುಳ್ಳಿ, ಎರಡು ಮೊಟ್ಟೆ, ಮೂರು ಚಮಚ ಹಿಟ್ಟು, ಉಪ್ಪು ಇದ್ದರೆ ಇಪ್ಪತ್ತರಷ್ಟು ಆಗುತ್ತವೆ. ಇದಕ್ಕಿಂತ ಅಗ್ಗದ ಹಬ್ಬದ ತಿನಿಸು ಸಿಗುವುದು ಕಷ್ಟ. ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಬಿಗಿಯಾಗಿ ಹಿಂಡಿ, ಇಳಿದ ನೀರನ್ನು ಹತ್ತು ನಿಮಿಷ ಬಿಟ್ಟು, ಮೇಲಿನ ನೀರನ್ನು ಬಸಿದು, ತಳದಲ್ಲಿ ನಿಂತ ಬಿಳಿಯ ಗಸಿಯನ್ನು ತುರಿಗೆ ಮರಳಿ ಸೇರಿಸಿದರೆ ಮೊಟ್ಟೆಯಿಲ್ಲದೆಯೂ ಬಿಲ್ಲೆ ಒಡೆಯುವುದಿಲ್ಲ. ಮೊಟ್ಟೆ ತಿನ್ನದ ಕನ್ನಡಿಗರ ಮನೆಗೆ ಇದು ತುಂಬ ಉಪಯುಕ್ತ. ಹಿಟ್ಟು ಹುದುಗುವವರೆಗೆ ಕಾಯುವ ಕೆಲಸವಿಲ್ಲ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಬಾಣಲೆಯಿಂದ ನೇರವಾಗಿ ತಟ್ಟೆಗೆ ಬಂದರಷ್ಟೇ ರುಚಿ, ಆರಿದ ಮೇಲೆ ಮೆತ್ತಗಾಗುತ್ತದೆ, ಆದ್ದರಿಂದ ಬೇರೆ ಮನೆಗೆ ಒಯ್ಯಲು ಇದು ಹೊಂದದು. ಮಾಡುವವರು ಇಡೀ ಸಂಜೆ ಒಲೆಯ ಮುಂದೆಯೇ ನಿಲ್ಲಬೇಕಾಗುತ್ತದೆ. ಜೊತೆಗೆ ಬಡಿಸುವುದು ಸೇಬಿನ ಗೊಜ್ಜು ಅಥವಾ ಹುಳಿ ಕ್ರೀಮ್. ಕೋಶರ್ ಮನೆಯಲ್ಲಿ ಮಾಂಸದೂಟವಿದ್ದರೆ ಕ್ರೀಮ್ ಸಲ್ಲದು, ಸೇಬಿನ ಗೊಜ್ಜು ಎರಡಕ್ಕೂ ಸಲ್ಲುತ್ತದೆ.

ಸುಫ್ಗಾನಿಯಾ ಇಸ್ರೇಲಿನಲ್ಲಿ ಹನುಕ್ಕಾದ ಕಾಲಕ್ಕೆ ಬೇಕರಿಗಳ ತುಂಬ ಕಾಣುವ, ಒಳಗೆ ಜ್ಯಾಮ್ ತುಂಬಿದ ದುಂಡನೆಯ ಡೋನಟ್. ಹಿಟ್ಟಿಗೆ ಈಸ್ಟ್, ಮೊಟ್ಟೆಯ ಹಳದಿ, ಹಾಲು ಅಥವಾ ಬೆಣ್ಣೆ ಬೇಕು. ಎರಡು ಬಾರಿ ಹುದುಗಲು ಬಿಡಬೇಕು. ಎಣ್ಣೆಯ ಕಾವು 170 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲದಿದ್ದರೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಶ್ರಮ ಹೆಚ್ಚು, ಖರ್ಚೂ ಹೆಚ್ಚು. ಆದರೂ ಮಕ್ಕಳ ಪಾಲಿಗೆ ಇದರಲ್ಲಿ ಸುಖವಿದೆ: ಕರಿಯುವ ಕೆಲಸ ದೊಡ್ಡವರದಾದರೆ, ಆರಿದ ಮೇಲೆ ಜ್ಯಾಮ್ ತುಂಬುವುದು, ಸಕ್ಕರೆ ಪುಡಿ ಉದುರಿಸುವುದು, ಬಣ್ಣದ ಅಲಂಕಾರ ಮಾಡುವುದು ಎಲ್ಲವೂ ಮಕ್ಕಳದೇ. ಹತ್ತು ಮಕ್ಕಳು ಸೇರುವ ಸಂಜೆಯಾದರೆ, ಕೋಶರ್ ಬೇಕರಿಯಿಂದ ಏನನ್ನೂ ತುಂಬದ ಡೋನಟ್‌ಗಳನ್ನು ತಂದು ಮನೆಯಲ್ಲಿ ತುಂಬಿಸುವುದೇ ಜಾಣತನ.

ಇವೆರಡರ ನಡುವೆ ನಾನು ಹೆಚ್ಚು ಮೆಚ್ಚಿದ ಮೂರನೆಯದೊಂದಿದೆ. ಮೊರಾಕೊದ ಯಹೂದಿಗಳು ಹನುಕ್ಕಾಕ್ಕೆ ಮಾಡುವ ಸ್ಫೆಂಜ್ ಎಂಬ ಬಳೆಯಾಕಾರದ ಕರಿದ ತಿನಿಸಿಗೆ ಮೈದಾ, ಈಸ್ಟ್, ಉಪ್ಪು, ನೀರು ಇಷ್ಟೇ ಸಾಕು. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಹಾಗಾಗಿ ಕೋಶರ್ ಮನೆಯಲ್ಲಿ ಯಾವ ಊಟದ ಜೊತೆಗೂ ಸಲ್ಲುತ್ತದೆ, ಮೊಟ್ಟೆ ತಿನ್ನದ ನೆಂಟರಿಗೂ ಆಗುತ್ತದೆ. ಅರ್ಧ ಕಿಲೋ ಮೈದಾಕ್ಕೆ ಸುಮಾರು 375 ಮಿಲಿಲೀಟರ್ ನೀರು ಹಿಡಿಯುವ ಈ ಹಿಟ್ಟು ಕೈಗೆ ಅಂಟುತ್ತದೆ. ಕೈಯನ್ನು ಒದ್ದೆ ಮಾಡಿಕೊಂಡು, ಉದ್ದಿನ ವಡೆಗೆ ತೂತು ಮಾಡುವಂತೆ ಹೆಬ್ಬೆರಳಿನಿಂದ ನಡುವೆ ತೂತು ಮಾಡಿ ಎಣ್ಣೆಗೆ ಬಿಡಬೇಕು. ವಡೆ ತಟ್ಟಿ ರೂಢಿಯಿರುವ ಕೈಗೆ ಇದು ಮೊದಲ ಸಲವೇ ಒಲಿಯುತ್ತದೆ. ಬಿಸಿಯಿರುವಾಗಲೇ ಸಕ್ಕರೆಯಲ್ಲಿ ಹೊರಳಿಸಿಯೋ ಜೇನು ಸುರಿದೋ ತಿನ್ನಬೇಕು.

ನನ್ನ ಮಾರ್ಷ್‌ಮ್ಯಾಲೋ ಬುಗುರಿಗೂ ಈಗ ಬದಲಿ ಸಿಕ್ಕಿದೆ. ಹಾಲು ಹಾಕದೆ ಮಾಡಿದ ಕೊಬ್ಬರಿ ಮಿಠಾಯಿಯನ್ನು ಚೌಕವಾಗಿ ಕತ್ತರಿಸಿ, ಒಂದು ತುದಿಯನ್ನು ಕೈಯಲ್ಲೇ ಚೂಪು ಮಾಡಿ ಮೇಲೆ ಕಡ್ಡಿ ಸಿಕ್ಕಿಸಿದರೆ ಚೆಂದದ ಡ್ರೇಡಲ್ ಆಗುತ್ತದೆ. ಬೀಗರ ಮನೆಯಲ್ಲಿ ಅದನ್ನು ಅವರದೇ ಅಡುಗೆಮನೆಯಲ್ಲಿ, ಅವರದೇ ಪಾತ್ರೆಯಲ್ಲಿ ಮಾಡುತ್ತೇವೆ.

ಹನುಕ್ಕಾದ ಕೈಕೆಲಸ: ಬುಗುರಿಯೋ ದೀಪವೋ?

ಡ್ರೇಡಲ್ ನಾಲ್ಕು ಮುಖದ ಬುಗುರಿ. ನೂನ್, ಗಿಮೆಲ್, ಹೇ, ಶಿನ್ ಎಂಬ ಹೀಬ್ರೂ ಅಕ್ಷರಗಳು ‘ಅಲ್ಲಿ ಮಹಾ ಪವಾಡವೊಂದು ನಡೆಯಿತು’ ಎಂಬ ಮಾತಿನ ಮೊದಲಕ್ಷರಗಳು; ಇಸ್ರೇಲಿನ ಬುಗುರಿಗಳಲ್ಲಿ ‘ಇಲ್ಲಿ’ ಎಂಬ ಅರ್ಥ ಬರುವಂತೆ ಶಿನ್ ಬದಲು ಪೇ ಇರುತ್ತದೆ. ಗಿಮೆಲ್ ಬಿದ್ದರೆ ನಡುವಿಟ್ಟ ಚಾಕೊಲೇಟ್ ನಾಣ್ಯಗಳೆಲ್ಲ ಸಿಗುತ್ತವೆ, ಹೇ ಬಿದ್ದರೆ ಅರ್ಧ, ನೂನ್‌ಗೆ ಏನೂ ಇಲ್ಲ, ಶಿನ್‌ಗೆ ನಾವೇ ಒಂದು ಇಡಬೇಕು. ರಟ್ಟನ್ನು ಮಡಿಚಿ ನಡುವೆ ಪೆನ್ಸಿಲ್ ತೂರಿಸಿದರೆ ಐದು ವರ್ಷದ ಮಗುವೂ ಅರ್ಧ ಗಂಟೆಯಲ್ಲಿ ಮಾಡಬಲ್ಲದು, ಖರ್ಚು ಇಲ್ಲವೇ ಇಲ್ಲ. ಪೆನ್ಸಿಲ್ ಸರಿಯಾಗಿ ನಟ್ಟನಡುವೆ ಇಲ್ಲದಿದ್ದರೆ ಮಾತ್ರ ಬುಗುರಿ ತಿರುಗದೆ ವಾಲುತ್ತದೆ. ಮಣ್ಣಿನಲ್ಲಿ ಮಾಡಿದ್ದಂತೂ ನೋಡಲು ಚೆಂದ, ಆಡಲು ಭಾರ.

ದೀಪದ ಸಾಲಾದ ಹನುಕ್ಕಿಯಾ ಹೆಚ್ಚು ಜವಾಬ್ದಾರಿಯ ಕೆಲಸ. ಎಂಟು ದೀಪಗಳು ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿರಬೇಕು. ಅವನ್ನು ಹಚ್ಚಲು ಬಳಸುವ ಒಂಬತ್ತನೆಯದಾದ ಶಮಾಶ್ ಬೇರೆಯಾಗಿ ಕಾಣುವಂತಿರಬೇಕು. ಕತ್ತಲಾದ ಮೇಲೆ ಕನಿಷ್ಠ ಅರ್ಧ ಗಂಟೆ ಉರಿಯಬೇಕು. ಕಾಗದದ ಲೋಟ, ಐಸ್‌ಕ್ರೀಮ್ ಕಡ್ಡಿ, ಪ್ಲಾಸ್ಟಿಕ್ ಮುಚ್ಚಳಗಳಿಂದ ಮಾಡಿದವು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ಬೆಂಕಿಯ ಹತ್ತಿರ ಸರ್ವಥಾ ಸಲ್ಲವು. ಹುಟ್ಟುಹಬ್ಬದ ಪುಟ್ಟ ಮೇಣದಬತ್ತಿ ಅರ್ಧ ಗಂಟೆ ಬಾಳುವುದಿಲ್ಲ. ಮರದ ಹಲಗೆಯ ಮೇಲೆ ಲೋಹದ ನಟ್‌ಗಳನ್ನು ಅಂಟಿಸಿ ಮೇಣದಬತ್ತಿ ನಿಲ್ಲಿಸುವ ವಿಧಾನ ಅಮೆರಿಕದಲ್ಲಿ ಸಾಮಾನ್ಯ. ಬತ್ತಿ ಕರಗಿ ಹಲಗೆಯನ್ನು ಮುಟ್ಟುವ ಮುನ್ನ ನೋಡಿಕೊಳ್ಳುವವರಿದ್ದರೆ ಅದೂ ಆಗಬಹುದು. ಎಂಟು ರಾತ್ರಿಗೆ ಶಮಾಶ್ ಸೇರಿ 44 ಬತ್ತಿಗಳು ಬೇಕು, ಅಷ್ಟು ಬತ್ತಿಗಳ ಪೆಟ್ಟಿಗೆಯೇ ಅಂಗಡಿಯಲ್ಲಿ ಸಿಗುತ್ತದೆ.

ಕನ್ನಡದ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ದೀಪಾವಳಿಯ ಡಬ್ಬದಲ್ಲೇ ಇದೆ. ಒಂಬತ್ತು ಹೊಸ ಹಣತೆಗಳನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ ಒಣಗಿಸಿದರೆ ಎಣ್ಣೆ ಹೀರುವುದು ಕಡಿಮೆಯಾಗುತ್ತದೆ. ಮಕ್ಕಳು ಅವುಗಳ ಹೊರಮೈಗೆ ಬಣ್ಣ ಬಳಿಯಲಿ. ಎಂಟನ್ನು ಸ್ಟೀಲ್ ತಟ್ಟೆಯ ಮೇಲೆ ನೇರ ಸಾಲಿನಲ್ಲಿಟ್ಟು, ಒಂಬತ್ತನೆಯದನ್ನು ಮಗುಚಿದ ಬಟ್ಟಲಿನ ಮೇಲೆ ಎತ್ತರಿಸಿಟ್ಟು, ಆಲಿವ್ ಎಣ್ಣೆ ಹಾಕಿ ಹತ್ತಿಯ ಬತ್ತಿ ಹೊಸೆದರೆ ಸಾಕು. ದೇವಾಲಯದ ದೀಪಕ್ಕೆ ಬಳಸುತ್ತಿದ್ದದ್ದು ಆಲಿವ್ ಎಣ್ಣೆಯೇ ಆದ್ದರಿಂದ ಅದೇ ಶ್ರೇಷ್ಠವೆಂದು ಅವರ ಸಂಪ್ರದಾಯವೂ ಹೇಳುತ್ತದೆ. ಹಣತೆಗೆ ಇನ್ನೂ ಒಂದು ಅನುಕೂಲವಿದೆ. ಶುಕ್ರವಾರ ಸಂಜೆ ಹನುಕ್ಕಾ ದೀಪವನ್ನು ಶಬ್ಬಾತ್ ದೀಪಕ್ಕಿಂತ ಮುಂಚೆ, ಇನ್ನೂ ಬೆಳಕಿರುವಾಗಲೇ ಹಚ್ಚಬೇಕಾಗುತ್ತದೆ. ಅಂದು ತೆಳು ಮೇಣದಬತ್ತಿ ಕತ್ತಲಾಗುವ ಮುನ್ನವೇ ಮುಗಿದುಹೋಗಬಹುದು, ಹಣತೆಗಾದರೆ ಎಣ್ಣೆಯನ್ನು ತುಸು ಹೆಚ್ಚು ಹಾಕಿದರಾಯಿತು. 2026ರಲ್ಲಿ ಹಬ್ಬದ ಮೊದಲ ದೀಪವೇ ಡಿಸೆಂಬರ್ 4ರ ಶುಕ್ರವಾರ ಸಂಜೆ ಬರುತ್ತದೆ. ಚಿಕ್ಕ ಮಕ್ಕಳು ಹೆಚ್ಚಿರುವ ಮನೆಗೆ ಬುಗುರಿ, ಬೆಂಕಿಯ ಬಳಿ ದೊಡ್ಡವರು ಕೂರಬಲ್ಲ ಮನೆಗೆ ಹಣತೆ: ನನ್ನ ಆಯ್ಕೆ ಹೀಗೆ.

ಪೂರಿಮ್: ಕೊಡುವುದಕ್ಕೆಂದೇ ಇರುವ ಹಬ್ಬ

ಬೇರೆ ಮನೆಗೆ ಒಯ್ಯಲು ತಿನಿಸು ಬೇಕೆನ್ನುವವರು ಹನುಕ್ಕಾಕ್ಕಿಂತ ಪೂರಿಮ್ ಹಬ್ಬವನ್ನು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ತಿನಿಸು ಹಂಚುವುದೇ ಆಚರಣೆಯ ಭಾಗ. ಒಬ್ಬರಿಗಾದರೂ, ಕೂಡಲೇ ತಿನ್ನಬಹುದಾದ ಎರಡು ಬಗೆಯ ತಿನಿಸುಗಳನ್ನು ಕಳಿಸಬೇಕೆಂಬ ಈ ಪದ್ಧತಿಗೆ ಮಿಶ್ಲೋಆಖ್ ಮನೋತ್ ಎಂದು ಹೆಸರು. ಬಡವರಿಬ್ಬರಿಗಾದರೂ ದಾನ ಕೊಡುವುದು ಅಂದಿನ ಇನ್ನೊಂದು ಕರ್ತವ್ಯ. ಹಬ್ಬದ ಮೂಲವಾದ, ಯಹೂದಿ ರಾಣಿ ಎಸ್ತೇರಳ ಗ್ರಂಥದ ಮೊದಲ ಸಾಲಿನಲ್ಲೇ ರಾಜ ಅಹಷ್ವೇರೋಷನು ಹೋದೂವಿನಿಂದ ಕೂಷ್‌ವರೆಗಿನ 127 ಪ್ರಾಂತಗಳನ್ನು ಆಳುತ್ತಿದ್ದನೆಂದು ಬರುತ್ತದೆ, ಹೀಬ್ರೂ ಭಾಷೆಯಲ್ಲಿ ಹೋದೂ ಎಂದರೆ ಭಾರತ. ನನ್ನ ಸೊಸೆಯಂದಿರು ಈ ಸಾಲು ಬಂದಾಗ ನನ್ನತ್ತ ತಿರುಗಿ ನಗುತ್ತಾರೆ.

ಹಾಮಂತಾಶೆನ್ ಎಂಬ ಮುಮ್ಮೂಲೆಯ ಬಿಸ್ಕತ್ತು ಅಂದಿನ ಮುಖ್ಯ ತಿನಿಸು. ಹಳೆಯ ಹೂರಣ ಗಸಗಸೆಯದು. ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಮೋನ್ ಎಂದರೆ ಗಸಗಸೆ, ತಾಶ್ ಎಂದರೆ ಜೇಬು. ಕರಜಿಕಾಯಿಗೆ ಹೂರಣ ತುಂಬಿ ಗೊತ್ತಿದ್ದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಏಳೆಂಟು ಸೆಂಟಿಮೀಟರ್ ಅಗಲದ ವೃತ್ತಗಳನ್ನು ಕತ್ತರಿಸಿ, ನಡುವೆ ಒಂದು ಚಿಕ್ಕ ಚಮಚದಷ್ಟೇ ಹೂರಣವಿಟ್ಟು, ಮೂರು ಬದಿಯಿಂದ ಮಡಿಚಿ ಮೂಲೆಗಳನ್ನು ಚಿವುಟಬೇಕು. ಹೂರಣದ ಆಸೆಗೆ ಹೆಚ್ಚು ತುಂಬಿದರೆ ಓವನ್‌ನಲ್ಲಿ ಬಾಯಿ ಬಿಟ್ಟು ಸೋರುತ್ತದೆ. ಬೇಯಿಸುವ ಮುನ್ನ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಆಕಾರ ನಿಲ್ಲುತ್ತದೆ. 180 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ಮೂರು ಕಪ್ ಮೈದಾದಲ್ಲಿ ಮೂವತ್ತರಷ್ಟಾಗುತ್ತವೆ, ಡಬ್ಬದಲ್ಲಿ ಒಂದು ವಾರ ಕೆಡುವುದಿಲ್ಲ. ಬಿಸಿ ಎಣ್ಣೆಯ ಭಯವಿಲ್ಲದ್ದರಿಂದ ನಾಲ್ಕು ವರ್ಷದ ಮಗುವನ್ನೂ ಚಿವುಟಲು ಕೂರಿಸಬಹುದು. ಬೆಣ್ಣೆಯ ಬದಲು ಎಣ್ಣೆ ಹಾಕಿದರೆ ಪಾರ್ವೆ ಆಗುತ್ತದೆ, ಬೆಣ್ಣೆಯ ಕರಗುವ ರುಚಿಯನ್ನು ಮಾತ್ರ ಬಿಟ್ಟುಕೊಡಬೇಕು. ಒಣಕೊಬ್ಬರಿ, ಬೆಲ್ಲ, ಹುರಿದ ಗಸಗಸೆ, ಏಲಕ್ಕಿ ಸೇರಿಸಿದ ನಮ್ಮ ಕರಜಿಕಾಯಿ ಹೂರಣವನ್ನೇ ಇದರೊಳಗೆ ತುಂಬಿದ ವರ್ಷ ಬೀಗರ ಮನೆಯಲ್ಲಿ ಅದೇ ಮೊದಲು ಖಾಲಿಯಾಯಿತು. ಎರಡನೆಯ ತಿನಿಸಾಗಿ ಹಣ್ಣು ಇಡಬಹುದು, ಇಲ್ಲವೇ ಕಡಲೆಕಾಳಿನ ಉಸಲಿ ಮಾಡಬಹುದು. ಅರಮನೆಯಲ್ಲಿದ್ದ ಎಸ್ತೇರಳು ಕಾಳುಗಳನ್ನು ತಿಂದು ಆಹಾರನಿಯಮ ಉಳಿಸಿಕೊಂಡಳೆಂಬ ನಂಬಿಕೆಯಿಂದ ಪೂರಿಮ್‌ನಲ್ಲಿ ಬೇಯಿಸಿದ ಕಡಲೆ ತಿನ್ನುವ ಪದ್ಧತಿ ಅವರಲ್ಲೂ ಇದೆ.

ಕೈಕೆಲಸಕ್ಕೆ ಬುಟ್ಟಿಯ ಅಲಂಕಾರಕ್ಕಿಂತ ಗಿಲಕಿಯೇ ಮಕ್ಕಳಿಗೆ ಹೆಚ್ಚು ಪ್ರಿಯ. ಗ್ರಂಥಪಾರಾಯಣದಲ್ಲಿ, ಯಹೂದಿಗಳನ್ನು ಕೊಲ್ಲಿಸಲು ಸಂಚು ಹೂಡಿದ ಮಂತ್ರಿ ಹಾಮಾನನ ಹೆಸರು ಬಂದಾಗಲೆಲ್ಲ ಅದು ಕೇಳದಂತೆ ಸದ್ದು ಮಾಡುವ ರೂಢಿಯಿದೆ. ಎರಡು ಕಾಗದದ ತಟ್ಟೆಗಳ ನಡುವೆ ಹಿಡಿ ಕಾಳು ಹಾಕಿ ಅಂಚನ್ನು ಹೊಲಿದರೆ ಗಿಲಕಿ ಸಿದ್ಧ. ಸ್ಟೇಪ್ಲರ್ ಮುಳ್ಳುಗಳು ಕೈ ಚುಚ್ಚುತ್ತವೆ, ಉಣ್ಣೆದಾರದ ಹೊಲಿಗೆಯೇ ಒಳ್ಳೆಯದು.

ವಾರವಾರ ಬೇಕಾಗುವ ಹಲ್ಲಾ

ಮಿಶ್ರ ಕುಟುಂಬಗಳಿಗೆ, ಅಂದರೆ ಮನೆಯಲ್ಲೇ ಎರಡೂ ಸಂಪ್ರದಾಯ ಇರುವವರಿಗೆ, ವರ್ಷಕ್ಕೊಮ್ಮೆ ಬರುವ ಹಬ್ಬಕ್ಕಿಂತ ಶಬ್ಬಾತ್‌ನ ಹಲ್ಲಾ ಬ್ರೆಡ್ಡನ್ನೇ ಮೊದಲು ಕಲಿಯಿರಿ ಎನ್ನುತ್ತೇನೆ. ಇದು ಕಷ್ಟದ ಆಯ್ಕೆ ಎಂಬುದನ್ನು ಮುಚ್ಚಿಡುವುದಿಲ್ಲ: ನಾದುವುದು, ಹುದುಗುವುದು, ಹೆಣೆಯುವುದು, ಬೇಯಿಸುವುದು ಸೇರಿ ನಾಲ್ಕು ಗಂಟೆ ಹಿಡಿಯುತ್ತದೆ, ಅದೂ ಶುಕ್ರವಾರ, ಕೆಲಸದ ದಿನ. ಹಿಟ್ಟನ್ನು ಗುರುವಾರ ರಾತ್ರಿಯೇ ನಾದಿ ಫ್ರಿಜ್‌ನಲ್ಲಿಟ್ಟರೆ ಭಾರ ಇಳಿಯುತ್ತದೆ. ಹಿಟ್ಟಿಗೆ ಬೆಣ್ಣೆಯ ಬದಲು ಎಣ್ಣೆ ಹಾಕುವುದರಿಂದ ಯಾವ ಊಟಕ್ಕೂ ಸಲ್ಲುತ್ತದೆ. ಮೊಟ್ಟೆಯಿಲ್ಲದೆ ಬರೀ ನೀರಿನಲ್ಲಿ ಮಾಡುವ ಬಗೆಯೂ ಇದೆ, ಬಣ್ಣ ಮಾತ್ರ ತುಸು ಪೇಲವ. ಮೂರು ಎಳೆಯ ಜಡೆ ಹೆಣೆಯಬಲ್ಲ ಯಾವ ಹುಡುಗಿಯೂ ಹುಡುಗನೂ ಇದನ್ನು ಹೆಣೆಯಬಲ್ಲರು. ಆರು ಎಳೆಯದಕ್ಕೆ ಅಭ್ಯಾಸ ಬೇಕು.

ಹಿಂದೆ ಮರುಭೂಮಿಯಲ್ಲಿ ಶುಕ್ರವಾರ ಆಕಾಶದಿಂದ ಮನ್ನಾ ಎಂಬ ಆಹಾರ ಎರಡು ಪಾಲು ಸುರಿದ ನೆನಪಿಗೆ ಮೇಜಿನ ಮೇಲೆ ಎರಡು ಇಡೀ ಹಲ್ಲಾ ಇಟ್ಟು ಬಟ್ಟೆ ಮುಚ್ಚುತ್ತಾರೆ. ಆ ಬಟ್ಟೆಯೇ ಅತ್ಯುತ್ತಮ ಕೈಕೆಲಸ: ಬಿಳಿಯ ಹತ್ತಿಬಟ್ಟೆ, ಬಟ್ಟೆಯ ಬಣ್ಣ, ಮಗುವಿನ ಅಂಗೈಯ ಅಚ್ಚು. ಒಂದು ಸಂಜೆಯ ಕೆಲಸ, ವರ್ಷವಿಡೀ ವಾರವಾರ ಬಳಕೆ. ಶಬ್ಬಾತ್ ಮುಗಿಯುವಾಗ ಹವ್ದಾಲಾ ಆಚರಣೆಯಲ್ಲಿ ಎಲ್ಲರೂ ಸುಗಂಧದ್ರವ್ಯ ಮೂಸುತ್ತಾರೆ. ಲವಂಗ, ಚಕ್ಕೆ, ಏಲಕ್ಕಿಗಳನ್ನು ಪುಟ್ಟ ರೇಷ್ಮೆ ತುಂಡಿನಲ್ಲಿ ಕಟ್ಟಿದ ಚೀಲ ಅದಕ್ಕೆ ಸಲ್ಲುತ್ತದೆ. ಹಳೆಯ ಸೀರೆಯ ಸೆರಗಿನಿಂದ ಹೊಲಿದ ಇಂಥ ಚೀಲಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಪ್ರೀತಿಯ ಉಡುಗೊರೆ ನನಗೆ ತಿಳಿದಿಲ್ಲ. ಎಷ್ಟೇ ಕಟ್ಟುನಿಟ್ಟಿನ ಮನೆಯವರೂ ಇದನ್ನು ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ಏಕೆಂದರೆ ಇದು ತಿನ್ನುವ ವಸ್ತುವಲ್ಲ.

ಉಳಿದ ಹಬ್ಬಗಳು

ಸುಕ್ಕೋತ್‌ನಲ್ಲಿ ಹಾಕುವ ಸುಕ್ಕಾ ನಮ್ಮ ಚಪ್ಪರದಂಥದ್ದೇ. ಕಾಗದದ ಸರಪಣಿ, ಜೋಳದ ತೆನೆ, ಬಣ್ಣದ ತೋರಣ ಎಲ್ಲವೂ ಹೊಂದುತ್ತವೆ. ಮಳೆಗೆ ಕಾಗದ ನಿಲ್ಲದು, ಬಟ್ಟೆಯ ತೋರಣ ಮರುವರ್ಷಕ್ಕೂ ಬರುತ್ತದೆ. ತಿನಿಸುಗಳನ್ನು ಕಟ್ಟಿ ಮಕ್ಕಳು ಕಿತ್ತು ತಿನ್ನಲೆಂದು ಯೋಚಿಸುವವರು ಒಂದನ್ನು ತಿಳಿದಿರಬೇಕು, ಅಲಂಕಾರಕ್ಕೆ ಕಟ್ಟಿದ್ದನ್ನು ಹಬ್ಬ ಮುಗಿಯುವವರೆಗೆ ತಿನ್ನುವ ಹಾಗಿಲ್ಲ.

ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬವಾದ ಪೆಸಖ್‌ಗೆ ನಮ್ಮ ಅಡುಗೆಮನೆಯಿಂದ ಏನನ್ನೂ ಒಯ್ಯಬೇಡಿ ಎಂದೇ ಹೇಳುತ್ತೇನೆ. ಹುದುಗಿದ ಧಾನ್ಯದ ಕಣವೂ ಮನೆಯಲ್ಲಿರಬಾರದ ಆ ದಿನಗಳಲ್ಲಿ ಆಶ್ಕೆನಾಜಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪು ಮೂಲದ ಯಹೂದಿ ಮನೆಗಳಲ್ಲಿ ಅನೇಕರು ಅಕ್ಕಿ, ಬೇಳೆಗಳನ್ನೂ ತಿನ್ನುವುದಿಲ್ಲ. ಸೆಫಾರ್ದಿ, ಅಂದರೆ ಸ್ಪೇನ್ ಮೂಲದ ಯಹೂದಿ ಮನೆಗಳಲ್ಲಿ ಸಾಮಾನ್ಯವಾಗಿ ಅವು ಸಲ್ಲುತ್ತವೆ. ಮಾತ್ಸಾ ರೊಟ್ಟಿಯ ತುಂಡನ್ನು ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಅಫಿಕೋಮಾನ್ ಆಟಕ್ಕೆ ಬಟ್ಟೆಯ ಚೀಲ ಹೊಲಿದುಕೊಡಿ, ಅದೇ ಸಾಕು. ಪೆಸಖ್ ರಾತ್ರಿಯ ಸೇದರ್ ಊಟ ನಿಮ್ಮ ಮನೆಯಲ್ಲೇ ನಡೆಯುವುದಾದರೆ ಖರ್ಜೂರ, ಅಕ್ರೋಟುಗಳನ್ನು ಅರೆದ ಹರೋಸೆತ್ತನ್ನು ಮಕ್ಕಳು ಪಿರಮಿಡ್ಡಿನಂತೆ ಕಟ್ಟಬಹುದು. ಈಜಿಪ್ಟಿನಲ್ಲಿ ಗುಲಾಮರಾಗಿದ್ದಾಗ ಕಲಸಿದ ಗಾರೆಯ ನೆನಪೇ ಆ ತಿನಿಸು.

ಹೊತ್ತೂ ಇಲ್ಲ, ಅಡುಗೆಯ ನಿಯಮಗಳಲ್ಲಿ ಧೈರ್ಯವೂ ಇಲ್ಲ ಎನ್ನುವವರಿಗೆ ಗಿಡಮರಗಳ ಹೊಸವರ್ಷವಾದ ತೂ ಬಿಶ್ವಾತ್ ಇದೆ. ಗೋಧಿ, ಬಾರ್ಲಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಖರ್ಜೂರ ಎಂಬ ಏಳು ಬೆಳೆಗಳಿಂದ ತಟ್ಟೆಯನ್ನು ಜೋಡಿಸಿದರೆ ಹಬ್ಬದ ತಿನಿಸಾಯಿತು, ಒಲೆ ಹಚ್ಚಬೇಕಾಗಿಲ್ಲ. ಸ್ವಲ್ಪ ಕೈಯಾಡಿಸಬೇಕೆನಿಸಿದರೆ ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳ ಮಲೀದಾ ಮಾಡಬಹುದು: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣುಗಳು. ಪ್ರವಾದಿ ಎಲಿಯಾಹುವಿನ ನೆನಪಿನಲ್ಲಿ ಕೃತಜ್ಞತೆಗಾಗಿ ಅವರು ಇದನ್ನು ಅರ್ಪಿಸುತ್ತಾರೆ. ಅದೇ ದಿನ ಕುಂಡದಲ್ಲಿ ಪಾರ್ಸ್ಲಿ ಬೀಜವನ್ನು ಮಕ್ಕಳ ಕೈಯಲ್ಲಿ ಬಿತ್ತಿಸಿ. ಮೊಳೆಯಲು ಮೂರು ವಾರದವರೆಗೂ ಹಿಡಿಯಬಹುದು, ನೀರನ್ನು ತಪ್ಪಿಸಬಾರದು. ಎರಡು ತಿಂಗಳ ಮೇಲೆ ಪೆಸಖ್ ಬಂದಾಗ ಸೇದರ್ ತಟ್ಟೆಯಲ್ಲಿ ಉಪ್ಪುನೀರಿಗೆ ಅದ್ದಿ ತಿನ್ನುವ ಹಸಿರೆಲೆ ಆ ಕುಂಡದಿಂದಲೇ ಬರುತ್ತದೆ.